ಸೊಂಟದ ಟವೆಲ್

ನನ್ನ ಮಗ ಕೋರ್ಡೆಲ್‌ಗೆ ಒಂಬತ್ತು ವರ್ಷವಿದ್ದಾಗ, ಅಡುಗೆಮನೆಯಲ್ಲಿ ನಿಂತು, ನನ್ನ ಕಿರುಬೆರಳಿಗೆ ತನ್ನ ಕಿರುಬೆರಳು ಸಿಕ್ಕಿಸಿ ನನ್ನಿಂದ ಮಾತು ತೆಗೆದುಕೊಂಡಿದ್ದ. ಅವನ ಆಟದ ಬಗ್ಗೆ ನಾನು ಇನ್ನು ಒಂದಕ್ಷರವೂ ಆಡಕೂಡದು. ಕೋಚ್ ಹತ್ತಿರವೂ ಇಲ್ಲ, ಅವನ ಹತ್ತಿರವೂ ಇಲ್ಲ. ಅದೇ ಬೆಳಿಗ್ಗೆ ಅವನಪ್ಪ ಓಡಿಸ್, ಪುಟ್ಟ ಮಕ್ಕಳ ಪಂದ್ಯದ ನಡುವೆ ಮೈದಾನಕ್ಕೆ ನುಗ್ಗಿ, ನನ್ನ ಮಗನಿಗೆ ಚೆಂಡು ಯಾಕೆ ಎಸೆಯುವುದಿಲ್ಲ ಎಂದು ಕೋಚ್‌ನ ಕೊರಳಪಟ್ಟಿ ಹಿಡಿದಿದ್ದ. ಊರೇ ನಕ್ಕಿತು. ಹುಡುಗ ಆ ವರ್ಷವಿಡೀ ಬೆಂಚಿನ ಮೇಲೆ ಕೂತ. ಓಡಿಸ್ ಮರುವರ್ಷ ಎಣ್ಣೆಬಾವಿಗಳ ಕಡೆ ಹೊರಟುಹೋದ. ಅವಮಾನವನ್ನು ಮಾತ್ರ ನಮಗೆ ಬಿಟ್ಟುಹೋದ.

ನಾನು ಕೊಟ್ಟ ಮಾತು ಉಳಿಸಿಕೊಂಡೆ. ಬೆಳಿಗ್ಗೆ ಐದಕ್ಕೆ ಶಾಲೆಯ ಬಸ್ಸು, ಮಧ್ಯಾಹ್ನ ಶಾಲೆಯ ಊಟದಮನೆ, ಸಂಜೆ ಮತ್ತೆ ಬಸ್ಸು. ಬೇರೆ ಊರಿನ ಪಂದ್ಯಗಳಿಗೆ ತಂಡವನ್ನು ಕರೆದೊಯ್ಯುವವಳೂ ನಾನೇ. ಬಸ್ಸು ಬಿಟ್ಟು ಹೋಗಬಾರದೆಂದು ನಿಯಮ. ಹಾಗಾಗಿ ಮಗನ ಆಟವನ್ನೆಲ್ಲ ನಾನು ಗೋಲುಕಂಬದ ಹಿಂದೆ ನಿಲ್ಲಿಸಿದ ಬಸ್ಸಿನ ಗಾಜಿನಿಂದಲೇ ನೋಡಿದ್ದು.

ಕೈಯಲ್ಲಿ ಚೆಂಡು ಹಿಡಿದು ಓಡುವ ನಮ್ಮ ಕಡೆಯ ಫುಟ್‌ಬಾಲ್‌ನಲ್ಲಿ ಅವನು ರಿಸೀವರ್. ಸಾಲಿನ ತುದಿಯಲ್ಲಿ ಒಬ್ಬನೇ ನಿಂತು, ಓಡಿ, ಗಾಳಿಯಲ್ಲಿ ಬಂದ ಚೆಂಡು ಹಿಡಿಯಬೇಕಾದವನು. ಎರಡು ವರ್ಷ ಹಿಡಿಯಲು ಏನೂ ಬರಲಿಲ್ಲ. ಕೋಚ್ ಪ್ರುಯಿಟ್‌ಗೆ ಚೆಂಡು ಎತ್ತಿಕೊಂಡು ಓಡುವುದೇ ಆಟ. ಓಡುವವನಿಗೆ ದಾರಿ ಮಾಡಲು ನನ್ನ ಮಗ ಎದುರಾಳಿಗಳಿಗೆ ಎದೆ ಕೊಟ್ಟ. ಈ ಆಗಸ್ಟ್‌ನಲ್ಲಿ ಜಿಲ್ಲೆಯ ಪತ್ರಿಕೆ ಅವನ ಫೋಟೊ ಹಾಕಿ, ಆರಡಿ ಮೂರಂಗುಲ, ಅಂಟಿನಂಥ ಕೈ, ಇದು ಇವನ ವರ್ಷ ಎಂದು ಬರೆಯಿತು. ಒಕ್ಲಹೋಮಾದ ಕಾಲೇಜೊಂದರ ಕೋಚ್ ಅಭ್ಯಾಸ ನೋಡಿಹೋಗಿದ್ದ. ಅಭ್ಯಾಸದಲ್ಲಿ ಎಲ್ಲರೂ ಹಿಡಿಯುತ್ತಾರೆ, ಅಕ್ಟೋಬರ್‌ನಲ್ಲಿ ಪಂದ್ಯಕ್ಕೇ ಬರುತ್ತೇನೆ, ನನ್ನ ಹತ್ತಿರ ಉಳಿದಿರುವುದು ಒಂದೇ ಜಾಗ ಎಂದಿದ್ದ. ಆ ಜಾಗ ಸಿಕ್ಕರೆ ನಾಲ್ಕು ವರ್ಷದ ಓದು ಪುಕ್ಕಟೆ. ಸಿಗದಿದ್ದರೆ ಹತ್ತಿ ಬಿಡಿಸುವ ಜಿನ್ನಿನಲ್ಲಿ ಧೂಳು ಕುಡಿಯುವ ಕೂಲಿ.

ಐದು ಪಂದ್ಯ ಮುಗಿದವು. ಅವನು ಹಿಡಿದದ್ದು ಆರೇ ಚೆಂಡು.

ಊಟದಮನೆಯಲ್ಲಿ ನನ್ನ ಜೊತೆ ಪಾತ್ರೆ ತೊಳೆಯುವ ಡೋವಿ, "ಪೇಪರ್‌ನಲ್ಲಿ ಫೋಟೊ ಚೆನ್ನಾಗಿತ್ತು ಬಿಡೇ. ಆಟ ಯಾವಾಗ ಶುರು ಮಾಡ್ತಾನಂತೆ?" ಎಂದಳು. ನಾನು ತಟ್ಟೆಯನ್ನು ಇನ್ನೂ ಜೋರಾಗಿ ಉಜ್ಜಿದೆ. ನನ್ನ ಸಿಟ್ಟು ಡೋವಿಯ ಮೇಲಲ್ಲ, ಪ್ರುಯಿಟ್ ಮೇಲೆ. ಆರನೇ ಪಂದ್ಯಕ್ಕೆ ಬ್ರಾಡಕ್ ಊರಿಗೆ ಹೊರಟಾಗ ಅವನು ನನ್ನ ಬೆನ್ನಹಿಂದಿನ ಸೀಟಿನಲ್ಲೇ ಕೂತು, ಬಸ್ಸು ಓಡಿಸುವವಳಿಗೆ ಕಿವಿಯೇ ಇಲ್ಲವೆಂಬಂತೆ ತನ್ನ ಸಹಾಯಕನಿಗೆ ಹೇಳಿದ: "ಆ ಹುಡುಗನ್ ಕಡೆ ಎಸೆದಾಗೆಲ್ಲ ಇಬ್ಬಿಬ್ರು ಮೊದ್ಲೇ ಬಂದು ನಿಂತಿರ್ತಾರೆ. ಇವತ್ತೊಂದೆರಡ್ ಸಲ ನೋಡ್ತೀನಿ, ಆಮೇಲೆ ಎಸೆಸಲ್ಲ ನಾನು. ಯಾವ ಕಾಲೇಜ್‌ನೋನ್ ಬಂದ್ರೂ ಅಷ್ಟೆ."

ರೈಲು ಹಳಿ ಬಂದರೆ ಬಸ್ಸು ಪೂರ್ತಿ ನಿಲ್ಲಿಸಲೇಬೇಕು. ಅವತ್ತು ಸ್ವಲ್ಪ ಜೋರಾಗಿಯೇ ನಿಲ್ಲಿಸಿದೆ. ಅವನ ಕಾಫಿ ಅವನ ತೊಡೆಗೇ ಆಯಿತು.

ಪಂದ್ಯ ಶುರುವಾಯಿತು. ಕಾಲೇಜಿನವನು ಬೇಲಿಯ ಪಕ್ಕ ಒಬ್ಬನೇ ನಿಂತಿದ್ದ. ನಾನು ಚೆಂಡು ನೋಡುವುದನ್ನು ಬಿಟ್ಟು ಮಗನನ್ನೇ ನೋಡಿದೆ. ಆಗ ಕಂಡಿತು. ಅವನ ಸೊಂಟಕ್ಕೆ ಸಿಕ್ಕಿಸಿದ ಬಿಳಿ ಟವೆಲ್. ಒಂದು ಸಲ ಅದಕ್ಕೆ ಕೈ ಒರೆಸಿದ. ಎದುರು ನಿಂತ ಬ್ರಾಡಕ್ ಹುಡುಗ ತನ್ನ ಹೆಲ್ಮೆಟ್ ತಟ್ಟಿದ. ಹಿಂದಿನಿಂದ ಇನ್ನೊಬ್ಬ ಓಡಿಬಂದ. ಚೆಂಡು ಕೋರ್ಡೆಲ್ ಕಡೆಗೇ ಬಂತು, ಇಬ್ಬರೂ ಸೇರಿ ಅದನ್ನು ನೆಲಕ್ಕೆ ಬಡಿದರು. ಮುಂದಿನ ಎಂಟು ಸಲ ಅವನು ಒರೆಸಲಿಲ್ಲ. ಚೆಂಡೂ ಬರಲಿಲ್ಲ, ಹೆಲ್ಮೆಟ್ಟೂ ತಟ್ಟಲಿಲ್ಲ. ಒಂಬತ್ತನೇ ಸಲ ಒರೆಸಿದ. ಮತ್ತೆ ಇಬ್ಬರು.

ಮೈ ಉರಿದುಹೋಯಿತು. ಸಂಬಳ ತಿನ್ನುವ ನಾಲ್ಕು ಜನ ಕೋಚ್‌ಗಳು, ಪ್ರತಿ ಶನಿವಾರ ವಿಡಿಯೊ ನೋಡುತ್ತಾರೆ. ಒಬ್ಬನಿಗೂ ಕಾಣಲಿಲ್ಲ. ಎದುರಾಳಿಗಳಿಗೆ ಕಂಡಿತ್ತು. ಅದಕ್ಕಿಂತ ಹೆಚ್ಚು ಉರಿದದ್ದು ನನ್ನ ಮೇಲೆ. ಅವನಿಗೆ ಆರು ವರ್ಷವಿದ್ದಾಗ ಹಿತ್ತಲಲ್ಲಿ ಚೆಂಡು ಎಸೆದುಕೊಡುತ್ತ, ಅಂಗೈ ಬೆವರುತ್ತೆ ಕಣೋ, ಹಿಡಿಯೋಕೆ ಮುಂಚೆ ಒರೆಸ್ಕೋ ಎಂದು ಕಲಿಸಿದವಳು ನಾನೇ. ಆ ಟವೆಲ್ಲನ್ನು ವಾರವಾರ ಒಗೆದು ಮಡಿಸಿಕೊಟ್ಟವಳೂ ನಾನೇ.

ಅರ್ಧ ಆಟದ ವಿರಾಮದಲ್ಲಿ ತಂಡ ಬಸ್ಸಿನ ಪಕ್ಕದ ಹುಲ್ಲಿನ ಮೇಲೆ ಬಂದು ಕೂತಿತು. ನಾನು ಇಳಿದೆ. ನಿಯಮ ಹಾಳಾಗಿಹೋಗಲಿ.

"ಕೋರ್ಡೆಲ್, ಬಾ ಇಲ್ಲಿ."

ಅವನು ತಲೆ ಎತ್ತಲಿಲ್ಲ. "ಬಸ್ ಹತ್ತಮ್ಮ. ಎಲ್ರೂ ನೋಡ್ತಿದಾರೆ."

"ನೋಡ್ಲಿ. ಚೆಂಡು ನಿನಗೆ ಬರೋದಿದ್ರೆ ಮಾತ್ರ ಕೈ ಒರೆಸ್ತೀಯ ನೀನು. ಆ ಹುಡುಗ ಅದನ್ನ ನೋಡಿ ಹೆಲ್ಮೆಟ್ ತಟ್ತಾನೆ, ಇನ್ನೊಬ್ಬ ಬರ್ತಾನೆ. ಐದು ವಾರದಿಂದ ನಿನ್ನ ಟವೆಲ್ಲೇ ಅವರಿಗೆಲ್ಲ ಹೇಳಿಕೊಡ್ತಾ ಇದೆ."

ಹುಡುಗರು ನೀರು ಕುಡಿಯುವುದನ್ನು ನಿಲ್ಲಿಸಿದರು. ಒಬ್ಬ ಕಿಸಕ್ಕೆಂದ. ಪ್ರುಯಿಟ್‌ನ ಕಣ್ಣು ಆ ಟವೆಲ್ ಮೇಲೆ ಬಿತ್ತು. ಮಗನ ಮುಖ ಒಂಬತ್ತು ವರ್ಷದವನ ಮುಖವಾಯಿತು.

"ನೀನೂ ಅಪ್ಪನ ಥರಾನೇ," ಎಂದ.

"ಹೂಂ, ಅವನ ಥರಾನೇ. ಹೋಗಿ ಉಲ್ಟಾ ಒರೆಸು. ಚೆಂಡು ಬರದಿದ್ದಾಗ ಒರೆಸು, ಬರೋದಿದ್ರೆ ಮುಟ್ಟಬೇಡ."

ಆಟ ಮತ್ತೆ ಶುರುವಾದಾಗ ಉಲ್ಟಾ ಒರೆಸಿದ. ಸಿಟ್ಟಿನಲ್ಲಿ, ಟವೆಲ್ ಹರಿದುಹೋಗುವಂತೆ. ಇಬ್ಬರು ಅವನ ಬೆನ್ನು ಹತ್ತಿದರು, ಚೆಂಡು ಹಿಡಿದ ನಮ್ಮವನೊಬ್ಬ ಇನ್ನೊಂದು ಪಕ್ಕದಿಂದ ಓಡಿ ಮೈದಾನದ ತುದಿ ಮುಟ್ಟಿ ಅಂಕ ತಂದ. ಮುಂದಿನ ಸಲ ಕೈ ಒರೆಸಲಿಲ್ಲ. ಚೆಂಡು ಇನ್ನೊಂದು ಪಕ್ಕಕ್ಕೆಂದು ಬ್ರಾಡಕ್ ಹುಡುಗ ಅತ್ತ ತಿರುಗಿದ, ಕೋರ್ಡೆಲ್ ಅವನನ್ನು ದಾಟಿ ಹೋಗಿ, ಭುಜದ ಮೇಲಿಂದ ಬಂದ ಚೆಂಡನ್ನು ಗೂಡಿನಿಂದ ಮೊಟ್ಟೆ ಎತ್ತುವ ಹಾಗೆ ಎತ್ತಿಕೊಂಡ. ಆ ಒಂದು ಅರ್ಧದಲ್ಲಿ ಏಳು ಚೆಂಡು ಹಿಡಿದ. ಬೇಲಿಯ ಪಕ್ಕದವನು ಕಿಸೆಯಿಂದ ಪುಸ್ತಕ ತೆಗೆದ.

ವಾಪಸು ಬರುವಾಗ ಪ್ರುಯಿಟ್, ಹುಡುಗನನ್ನು ಸರಿಯಾದ ಸಮಯಕ್ಕೇ ಕಾದಿಟ್ಟಿದ್ದೆ ಎಂದು ಸಹಾಯಕನಿಗೆ ಹೇಳುತ್ತಿದ್ದ. ರೈಲು ಹಳಿಯ ಹತ್ತಿರ ಮತ್ತೆ ಜೋರಾಗಿ ನಿಲ್ಲಿಸಿದೆ. ಕೋರ್ಡೆಲ್ ಕೊನೆಯ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದ.

ಕಾಲೇಜಿನ ಪತ್ರ ಎಂಟು ದಿನಕ್ಕೆ ಬಂತು. ಜಾಗ ಅವನದೇ. ಅವನು ಅದನ್ನು ಓದಿ, ಉಪ್ಪಿನ ಡಬ್ಬಿಯ ಕೆಳಗಿಟ್ಟು, ಅಭ್ಯಾಸಕ್ಕೆ ಹೋದ. ಟವೆಲ್ಲನ್ನು ಈಗ ಅವನೇ ಒಗೆದುಕೊಳ್ಳುತ್ತಾನೆ.

ಎಂಟು ವರ್ಷ ಉಳಿಸಿಕೊಂಡಿದ್ದ ಮಾತನ್ನು ನಾನು ಮುರಿದೆ.