ವೈದ್ಯನ ಕೊನೆಯ ಹಾಳೆ

ಒಂದು ಹಾಳೆ ಓದಲು ಎರಡು ಭಾನುವಾರ. ಅಂಥವು ನಲವತ್ತೊಂದು. ಅದಕ್ಕೆ ಶ್ರೀದೇವಿ ತೆತ್ತದ್ದು ಎರಡು ದೀಪಾವಳಿ, ಮತ್ತೆ ಕನ್ನಡಕದ ನಂಬರು.

ಸ್ಟುಟ್‌ಗಾರ್ಟ್ ಹತ್ತಿರ ಅವಳಿದ್ದ ಊರಿನ ಪುಟ್ಟ ಮ್ಯೂಸಿಯಂನಲ್ಲಿ ಒಬ್ಬ ವೈದ್ಯನ ದಿನಚರಿ ಇತ್ತು. ಇನ್ನೂರೈವತ್ತು ವರ್ಷದ ಹಿಂದೆ ಆತ ದೊರೆಯ ಮೂತ್ರದ ಕಲ್ಲು ಕರಗಿಸಿ ನಂಬಿಕೆ ಗಳಿಸಿದ. ಮದ್ದಿನ ಪೆಟ್ಟಿಗೆ ಕೆಳಗಿಟ್ಟು, ರಾಯಭಾರಿಯಾಗಿ ವಾರ್ಸಾ, ಇಸ್ತಾಂಬುಲ್ ಸುತ್ತಿದ. ಮೋಡಿ ಲಿಪಿಯಂಥ ಗೋಜಲು ಅಕ್ಷರ, ಮದ್ದಿನ ಚೀಟಿ ಬರೆಯುವ ಡಾಕ್ಟರ ಕೈ. ಮ್ಯೂಸಿಯಂನವರು ಸೋತು ಬಿಟ್ಟದ್ದು ಶ್ರೀದೇವಿಗೆ ಒಲಿಯಿತು. ಹುಬ್ಬಳ್ಳಿಯಲ್ಲಿ ಅವಳು ಒಂಬತ್ತು ವರ್ಷ ಡಾಕ್ಟರು. ಇಲ್ಲಿಗೆ ಬಂದು ಮೂರು ವರ್ಷವಾದರೂ ವೈದ್ಯಕೀಯ ಪರವಾನಗಿ ಇನ್ನೂ ಬಂದಿರಲಿಲ್ಲ.

ಮ್ಯೂಸಿಯಂ ಹಬ್ಬದಲ್ಲಿ ಅವನ ಕಥೆ ಹೇಳಲು ಆರಿಸಿದ್ದು ಮಾತ್ರ ಮೈಸೂರಿನ ನಿಶ್ಚಿತಾಳನ್ನು. ಐಟಿ ಹುಡುಗಿ, ಜರ್ಮನ್ ಭಾಷೆ ನೀರು ಕುಡಿದಷ್ಟು ಸಲೀಸು.

"ಅಡಗಿ ಮಾಡಿದಾಕಿ ನೀ, ಬಡಸಾಕಿ ಆಕಿ," ಎಂದು ಗಂಡ ಸುನಿಲಕುಮಾರ ನಕ್ಕ. "ಉಂಡವ್ರು ಯಾರ ಹೆಸರ ಹೇಳ್ತಾರ?"

"ನೀವು ಸುಮ್ನ ಕುಂಡ್ರಿ."

ತಾನು ಬಿಡಿಸಿ ಬರೆದದ್ದರಲ್ಲಿ ನಲವತ್ತು ಹಾಳೆ ಅವಳು ನಿಶ್ಚಿತಾಳಿಗೆ ಕೊಟ್ಟಳು.

"ಇಷ್ಟೇನಾ ಅಕ್ಕ?"

"ಅಷ್ಟ."

ಕೊನೆಯದು ಕೈಚೀಲದಲ್ಲಿ ಉಳಿಯಿತು. ಅದರಲ್ಲಿ ಹದಿನೇಳು ಹೆಸರು. ಊರಿಗೆ ಮರಳಿ, ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ವೈದ್ಯನಾದ ಆ ರಾಯಭಾರಿ ಅಗಸಗಿತ್ತಿಯ, ಕುದುರೆ ಲಾಯದವನ, ಕುರುಡಿ ಮುದುಕಿಯ ನಾಡಿ ಹಿಡಿದು ಬರೆದಿಟ್ಟದ್ದು.

ಹಬ್ಬದ ದಿನ ನಿಶ್ಚಿತಾ ರೇಷ್ಮೆ ಸೀರೆ ಉಟ್ಟು ಸೊಗಸಾಗಿ ಹೇಳಿದಳು. ಜನ ಎರಡು ಸಲ ನಕ್ಕರು. ಆ ಎರಡು ಮಾತೂ ಶ್ರೀದೇವಿ ಹಾಳೆಯ ಅಂಚಿನಲ್ಲಿ ಬರೆದುಕೊಟ್ಟಿದ್ದವು. ಮುಗಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು, ಆತ ಮತ್ತೆ ಯಾರಿಗಾದರೂ ಮದ್ದು ಕೊಟ್ಟನೇ ಎಂದು.

"ನನಗೆ ಗೊತ್ತಿಲ್ಲ," ಎಂದಳು ನಿಶ್ಚಿತಾ ಜರ್ಮನ್‌ನಲ್ಲಿ. "ಇದನ್ನೆಲ್ಲ ಓದಿದವರು ನಮ್ಮ ಡಾಕ್ಟರ್. ಅಲ್ಲಿ ಕೂತಿದ್ದಾರೆ." ಆಮೇಲೆ ಕನ್ನಡದಲ್ಲಿ, "ಹೇಳಿ ಅಕ್ಕ, ನಿಮಗೇ ಗೊತ್ತಿರೋದು."

ಎಲ್ಲ ತಲೆಗಳೂ ತಿರುಗಿದವು.  ಶ್ರೀದೇವಿಯ ಕೈ ಚೀಲದ ಮೇಲಿತ್ತು. ಹಾಳೆ ತೆಗೆದರೆ ಬಚ್ಚಿಟ್ಟದ್ದೂ ಹೊರಬೀಳುತ್ತಿತ್ತು.

"ನೈನ್, ಇಲ್ಲ," ಎಂದಳು ಜರ್ಮನ್‌ನಲ್ಲೇ. "ಮತ್ತೆ ಯಾರ ನಾಡಿಯನ್ನೂ ಮುಟ್ಟಲಿಲ್ಲ."

ಅಜ್ಜಿ ಪಾಪ ಎನ್ನುವಂತೆ ತಲೆಯಾಡಿಸಿದರು. ನಿಶ್ಚಿತಾ ಪೆನ್ನು ತೆಗೆದು ಅದನ್ನೂ ಬರೆದುಕೊಂಡಳು.

ನಿಶ್ಚಿತಾಳಿಗೆ ಚಪ್ಪಾಳೆ ಸಿಕ್ಕಿತು. ಶ್ರೀದೇವಿಗೆ, ಮೂರು ವರ್ಷದ ಮೇಲೆ, ಡಾಕ್ಟರ್ ಎಂಬ ಹೆಸರು ಮತ್ತೆ ಸಿಕ್ಕಿತು. ವೈದ್ಯ ತನ್ನ ಹದಿನೇಳು ರೋಗಿಗಳನ್ನು ಕಳೆದುಕೊಂಡ.