ಇಪ್ಪತ್ತೊಂದಕ್ಕೆ ಎರಡು ಕಡಿಮೆ

"ಹತ್ತೊಂಬತ್ತಾ?" ರಸ್ಟಿ ಪೋಗ್ ಕುರ್ಚಿಯಲ್ಲೇ ಅರ್ಧ ಹೊರಳಿ ಹಿಂದಿನ ಸಾಲಿನ ಹುಡುಗಿಯನ್ನು ನೋಡಿದ. "ಅಲ್ಲಾ ಆಲ್ವಿನ್, ನಮ್ಮ ಟೆಕ್ಸಸ್‌ನಲ್ಲಿ ಒಂದು ಬಿಯರ್ ಕುಡೀಬೇಕಂದ್ರೂ ಇಪ್ಪತ್ತೊಂದು ತುಂಬಿರ್ಬೇಕು. ಪಿಸ್ತೂಲನ್ನ ಅಂಗಿಯೊಳಗೆ ಸಿಕ್ಕಿಸ್ಕೊಂಡು ತಿರುಗೋಕೆ ಹತ್ತೊಂಬತ್ತು ಸಾಕಾ? ಇದ್ಯಾವ ಸೀಮೆ ನ್ಯಾಯ?"

"ಬಿಯರ್ ಕೊಡ್ಸಿ ಅಂತ ನಾನೇನೂ ನಿಮ್ಮನ್ನ ಕೇಳ್ಲಿಲ್ವಲ್ಲ," ಎಂದಳು ಹುಡುಗಿ.

ಸೀಡರ್ ಗ್ಯಾಪ್‌ನ ಅಗ್ನಿಶಾಮಕ ಠಾಣೆಯ ಹಿಂದಿನ ಹಾಲಿನಲ್ಲಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ರಸ್ಟಿ ಜಮೀನು ಮಾರಿಸುವ ದಲ್ಲಾಳಿ. ಊರಿನಲ್ಲಿ ಅವನ ಬಾಯಿಗೆ ಯಾರೂ ಅಷ್ಟು ಸುಲಭಕ್ಕೆ ಬೀಗ ಹಾಕಿದ್ದಿಲ್ಲ. ಅವನ ಕಿವಿ ಕೆಂಪಾಯಿತು. ಆಲ್ವಿನ್ ಕ್ರೌಸೆ ಮಾತ್ರ ನಗದೆ, ತನ್ನ ಕೈಯಲ್ಲಿದ್ದ ಸೈನ್ಯದ ಗುರುತಿನ ಚೀಟಿಯನ್ನು ಮತ್ತೊಮ್ಮೆ ನೋಡಿದ. ನೊಯೆಮಿ ಬರೇರಾ. ಹುಟ್ಟಿದ್ದು ಸಾವಿರದ ಒಂಬೈನೂರ ಎಂಬತ್ತಾರರ ನವೆಂಬರ್. ಈಗ ಎರಡು ಸಾವಿರದ ಆರರ ಜೂನ್. ಹೇಗೆ ಎಣಿಸಿದರೂ ಹತ್ತೊಂಬತ್ತೇ.

"ಹೋದ ಸೆಪ್ಟೆಂಬರ್‌ನಿಂದ ಕಾನೂನು ಬದಲಾಗಿದೆ ರಸ್ಟಿ," ಎಂದ ಅವನು. "ನಿನ್ನಂಥೋರಿಗೆ ಇಪ್ಪತ್ತೊಂದು. ಸೈನ್ಯದಲ್ಲಿರೋರಿಗೆ, ಮರ್ಯಾದೆಯಿಂದ ಬಿಡುಗಡೆ ಆಗಿ ಬಂದೋರಿಗೆ, ಹದಿನೆಂಟು ತುಂಬಿದ್ರೆ ಸಾಕು. ಬೇರೆ ಎಲ್ಲ ನಿಯಮಾನೂ ಒಂದೇ. ಪಾಠ ಕೇಳ್ಬೇಕು, ಪರೀಕ್ಷೆ ಬರೀಬೇಕು, ಗುರಿ ಹೊಡೀಬೇಕು. ಈಗ ಮುಂದೆ ತಿರುಗ್ತೀಯಾ?"

ಹತ್ತು ವರ್ಷದಿಂದ ಶನಿವಾರಗಳಂದು ಪಿಸ್ತೂಲಿನ ಪರವಾನಗಿಯ ತರಗತಿ ನಡೆಸುತ್ತಿದ್ದ ಆಲ್ವಿನ್‌ಗೆ ಇಪ್ಪತ್ತೊಂದು ತುಂಬದ ವಿದ್ಯಾರ್ಥಿ ಸಿಕ್ಕಿದ್ದು ಇದೇ ಮೊದಲು. ಆದರೆ ಈ ಹುಡುಗಿ ಅವನಿಗೆ ಹೊಸಬಳೇನಲ್ಲ. ವಾರದ ಉಳಿದ ದಿನ ಅವನು ಶಾಲೆಯ ಬಸ್ಸಿನ ಚಾಲಕ. ಹನ್ನೆರಡು ವರ್ಷ ಅವಳನ್ನು ಕೂರಿಸಿಕೊಂಡು ಹೋಗಿ ಬಂದಿದ್ದ. ಆರು ವರ್ಷದವಳಿದ್ದಾಗ ಅವಳು ಅವನ ಬೆನ್ನ ಹಿಂದೆಯೇ ಕೂತು, ರಸ್ತೆ ಬದಿಯ ಟಪಾಲು ಡಬ್ಬಿಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಕೂಗಿ ಓದುತ್ತಿದ್ದಳು. ಅಕ್ಷರ ಕಲಿತದ್ದೇ ಹಾಗೆ. ಆಲ್ವಿನ್‌ನ ಹಿರಿಯರಂತೆ ಜರ್ಮನಿಯಿಂದ ಬಂದು ನೆಲೆಸಿದವರ ಹೆಸರುಗಳು ಬಂದರೆ ನಾಲಿಗೆ ತೊಡರಿ, "ಮಿಸ್ಟರ್ ಆಲ್ವಿನ್, ನಿಮ್ಮ ಜನ ಇಷ್ಟೊಂದು ಅಕ್ಷರ ಯಾಕೆ ದಂಡ ಮಾಡ್ತಾರೆ?" ಎಂದು ಕೇಳುತ್ತಿದ್ದಳು. ಜನವರಿಯ ಬೆಳಗುಗಳಲ್ಲಿ ಬಸ್ಸಿನ ಹೀಟರು ಗೊರಗುಟ್ಟುತ್ತಿರುವಾಗ ಕಿಟಕಿಯ ಮಂಜಿನ ಮೇಲೆ ಬೆರಳಲ್ಲಿ ಕುದುರೆ ಬರೆಯುತ್ತಿದ್ದಳು. ಯಾವ ಕುದುರೆಗೂ ನಾಲ್ಕು ಕಾಲು ಇರುತ್ತಿರಲಿಲ್ಲ. ಆ ಕಾಲ ನೆನೆದರೆ ಆಲ್ವಿನ್‌ಗೆ ಮೊನ್ನೆಯಂತಿತ್ತು. ಈಗ ಅವಳು ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂತಿದ್ದಳು. ಇಡೀ ಬೆಳಿಗ್ಗೆ ಅವಳ ಬಲಗೈ ತೊಡೆಯ ಮೇಲೆ ಏನನ್ನೋ ತಡಕುತ್ತಲೇ ಇತ್ತು.

ಮಧ್ಯಾಹ್ನ ಎಲ್ಲರೂ ಊರಾಚೆಯ ಸುಣ್ಣಕಲ್ಲಿನ ಹೊಂಡಕ್ಕೆ ಹೋದರು. ಗುರಿ ಹೊಡೆಯುವುದು ಅಲ್ಲಿ. ನೊಯೆಮಿ ತಂದಿದ್ದು ಸತ್ತುಹೋದ ಅಪ್ಪನ ರಿವಾಲ್ವರು. ಹಿಡಿಯ ಮೇಲಿನ ಮರ ಅವನ ಅಂಗೈ ಬೆವರಿಗೆ ಕಪ್ಪಾಗಿತ್ತು. ಐವತ್ತು ಗುಂಡು, ಇನ್ನೂರೈವತ್ತು ಅಂಕ. ಅವಳು ತೆಗೆದದ್ದು ಇನ್ನೂರ ನಲವತ್ತೆಂಟು. ರಸ್ಟಿ ಹಾಳೆಯನ್ನು ನೋಡಿ ಟೋಪಿ ತೆಗೆದ.

"ತಾಯಿ, ನಂದು ತಪ್ಪಾಯ್ತು. ನಿನಗೆ ಬೇಕಾದ್ರೆ ಒಂದಲ್ಲ, ಆರು ಬಿಯರ್ ಕೊಡಿಸ್ತೀನಿ."

"ಇನ್ನೆರಡು ವರ್ಷ ಬದುಕಿರಿ, ಬಂದು ಕುಡೀತೀನಿ," ಎಂದಳು ಅವಳು. ಬಾಯಿ ನಕ್ಕಿತು, ಕಣ್ಣು ಮಾತ್ರ ಹೊಂಡದ ಅಂಚಿನ ಮೇಲೇ ಇತ್ತು.

ಸಂಜೆ ಐದಕ್ಕೆ ಒಬ್ಬೊಬ್ಬರೇ ಪ್ರಮಾಣಪತ್ರ ತೆಗೆದುಕೊಂಡು ಹೊರಟರು. ಕೊನೆಗೆ ಉಳಿದವಳು ನೊಯೆಮಿ. ಆಲ್ವಿನ್ ಅವಳ ಹಾಳೆಗೆ ಸಹಿ ಹಾಕಿದ. ಹಾಕದೇ ಇರಲು ಕಾರಣವೇ ಇರಲಿಲ್ಲ. ಎಲ್ಲ ಪ್ರಶ್ನೆಗೂ ಸರಿ ಉತ್ತರ, ಗುರಿಯಲ್ಲಿ ಮೊದಲಿಗಳು, ಕಾನೂನು ಕೇಳಿದ ಚೀಟಿ ಕೈಯಲ್ಲಿ. ಆದರೂ ಅವನು ಹಾಳೆಯ ಮೇಲಿಂದ ಅಂಗೈ ತೆಗೆಯಲಿಲ್ಲ.

"ಒಂದು ಮಾತು ಕೇಳ್ತೀನಿ. ಉತ್ತರ ಹೇಳ್ದೇ ಇದ್ರೂ ಇದು ನಿಂದೇ. ನೀನು ಮಂಗಳವಾರ ವಾಪಸ್ ಇರಾಕ್‌ಗೆ ಹೊರಡ್ತೀಯ. ಇದು ಕಾರ್ಡಾಗಿ ಮನೆಗೆ ಬರೋಕೆ ಎರಡು ತಿಂಗಳು. ರಜೇಲಿ ಬಂದಿರೋ ನಿಂಗೆ ಈ ಅವಸರ ಯಾಕೆ?"

ಪಕ್ಕದ ಶೆಡ್ಡಿನಲ್ಲಿ ಯಾರೋ ಬೆಂಕಿ ಆರಿಸುವ ಲಾರಿ ತೊಳೆಯುತ್ತಿದ್ದರು. ನೀರಿನ ಸದ್ದು ಬರುತ್ತಿತ್ತು.

"ಆರು ತಿಂಗ್ಳಿಂದ ಲಾರಿ ಮೇಲೆ ಬಂದೂಕು ಹಿಡ್ಕೊಂಡು ನಿಂತಿದೀನಿ ಮಿಸ್ಟರ್ ಆಲ್ವಿನ್. ಊಟಕ್ಕೆ ಹೋದ್ರೂ ಅದು ಜೊತೆಗೆ, ಕಕ್ಕಸಿಗೆ ಹೋದ್ರೂ ಜೊತೆಗೆ. ಡಲ್ಲಾಸ್‌ನಲ್ಲಿ ವಿಮಾನ ಇಳ್ದಾಗ ಜನ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದ್ರು. ನಂಗೆ ಒಂದೇ ಯೋಚ್ನೆ, ಇಷ್ಟೊಂದು ಜನ, ನನ್ನ ಕೈ ಖಾಲಿ. ಅಂಗಡಿಗೆ ಹೋದ್ರೂ ಹಂಗೇ. ಚರ್ಚಲ್ಲೂ ಹಂಗೇ. ಏನೋ ಮರ್ತು ಬಂದಂಗೆ. ಮುಂದೆ ಪೂರ್ತಿ ಬಂದ್ಮೇಲಾದ್ರೂ ಹಿಂಗಾಗ್ಬಾರ್ದು ಅಂತ."

"ರಾತ್ರಿ ಎಲ್ಲಿಡ್ತೀಯ ಅದನ್ನ?"

"ದಿಂಬಿನ ಕೆಳಗೆ." ಕೇಳಿದ್ದೇ ತಪ್ಪೆನ್ನುವಂತೆ ನೋಡಿದಳು. "ಮತ್ತೆಲ್ಲಿಡೋದು?"

ಮೂವತ್ತಾರು ವರ್ಷದಿಂದ ಹೆಂಡತಿಗೂ ಹೇಳದ ಒಂದು ಬೆಳಗು ಆಲ್ವಿನ್‌ಗೆ ನೆನಪಾಯಿತು. ಅವನು ಎದ್ದು ಹೋಗಿ ಹಾಲಿನ ಬಾಗಿಲು ಹಾಕಿದ. ಸದ್ದಾಗದ ಹಾಗೆ, ಹಿಡಿ ತಿರುಗಿಸಿ ಹಾಕಿದ.

"ನಾನು ವಿಯೆಟ್ನಾಮಿಂದ ಬಂದಾಗ ನಿನ್ನಷ್ಟೇ ವಯಸ್ಸು," ಎಂದ. "ಎಪ್ಪತ್ತನೇ ಇಸವಿ. ಆಗ ಇಪ್ಪತ್ತೊಂದು ಆಗೋವರೆಗೆ ವೋಟೂ ಇಲ್ಲ, ಬಿಯರೂ ಇಲ್ಲ. ಮುಖ್ಯ ಬೀದಿ ಬಾರಿನೋನು, ನನ್ನ ಎತ್ತಿ ಆಡ್ಸಿದ ಮನುಷ್ಯ, ಸಮವಸ್ತ್ರ ನೋಡಿ ಕೈ ಕುಲುಕಿ, ಕಿತ್ತಳೆ ಸೋಡಾ ತಂದು ಮುಂದಿಟ್ಟ. ಪಿಸ್ತೂಲಿಟ್ಕೊಂಡು ಓಡಾಡೋ ಪರವಾನಗಿ ಅಂತೂ ಆಗ ಯಾರಿಗೂ ಇರ್ಲಿಲ್ಲ. ನಮ್ಮಪ್ಪನ ಹತ್ರ ಒಂದು ಹಳೇ ಪಿಸ್ತೂಲಿತ್ತು. ಅದನ್ನ ನಾನು ದಿಂಬಿನ ಕೆಳಗೆ ಇಟ್ಕೊಂಡೆ."

ಅವನ ಕಣ್ಣಿಗೆ ಆ ಮನೆಯೇ ಕಟ್ಟಿತು. ತಗಡಿನ ಮಾಡಿನ ಕೆಳಗಿನ ಅಟ್ಟದ ಕೋಣೆ, ಅಜ್ಜಿ ಹೊಲಿದ ತುಂಡು ಬಟ್ಟೆಗಳ ಹೊದಿಕೆ, ಕೆಳಗಿನಿಂದ ಏರಿ ಬರುತ್ತಿದ್ದ ದಾಲ್ಚಿನ್ನಿ ಕೇಕಿನ ವಾಸನೆ. ಅಮ್ಮ ಒಲೆಯ ಮುಂದೆ ಜರ್ಮನ್ ಭಾಷೆಯಲ್ಲಿ ದೇವರ ಪದ ಗುನುಗುತ್ತಿದ್ದಳು. ಅಂಥ ಬೆಳಗುಗಳಿಗಾಗಿ ಹದಿಮೂರು ತಿಂಗಳು ಅವನು ಕೆಸರಲ್ಲಿ ಕೂತು ಹಂಬಲಿಸಿದ್ದ.

"ಬಂದು ಎಂಟು ದಿನ ಆಗಿತ್ತು. ಅಮ್ಮ ಕಾಫಿ ತಗೊಂಡು ಮೇಲೆ ಬಂದ್ಲು. ಚಿಕ್ಕಂದಿನಲ್ಲಿ ಎಬ್ಬಿಸ್ತಿದ್ದ ಹಾಗೇನೇ ಬಗ್ಗಿ ಹಣೆ ಮೇಲೆ ಕೈ ಇಟ್ಲು. ನಾನು ಎಚ್ಚರ ಆಗೋಕೆ ಮುಂಚೆ ನನ್ನ ಕೈ ಎಚ್ಚರ ಆಗಿತ್ತು. ಕಣ್ಣು ಬಿಟ್ರೆ ಪಿಸ್ತೂಲು ಅವಳ ಗಂಟಲಿಗೆ ಒತ್ತಿದೀನಿ. ಅದರ ಕುದುರೆ ಹಿಂದಕ್ಕೆ ಎಳ್ದಾಗಿದೆ, ಬೆರಳು ಒತ್ತೋದೊಂದೇ ಬಾಕಿ. ಕಾಫಿ ಅವಳ ಕಾಲ ಮೇಲೆಲ್ಲ ಚೆಲ್ಲಿದೆ, ಕುದೀತಿರೋ ಕಾಫಿ. ಅವಳು ಅಳ್ಳಾಡ್ಲಿಲ್ಲ. 'ಆಲ್ವಿನ್, ನಾನು ಕಣೋ' ಅಂದ್ಲು. ಅಷ್ಟೇ."

"ಆಮೇಲೆ?"

"ಆಮೇಲೆ ಕೆಳಗೆ ಹೋಗಿ ಇನ್ನೊಂದು ಲೋಟ ಕಾಫಿ ತಂದ್ಲು. ಸಾಯೋವರೆಗೂ ಆ ಮಾತು ಎತ್ಲಿಲ್ಲ. ಅಪ್ಪನಿಗೂ ಹೇಳ್ಲಿಲ್ಲ. ಕಾಲ ಮೇಲಿನ ಕಲೆ ಮಾತ್ರ ಹೋಗ್ಲಿಲ್ಲ."

ನೊಯೆಮಿ ನೆಲ ನೋಡುತ್ತಿದ್ದಳು.

"ಹಾಳೆ ನಿಂದು," ಎಂದ ಆಲ್ವಿನ್. "ನಿನ್ನ ಹಕ್ಕು, ಯಾರೂ ಕಿತ್ಕೊಳ್ಳೋ ಹಾಗಿಲ್ಲ. ಆದ್ರೆ ರಿವಾಲ್ವರು ನನ್ನ ಹತ್ರ ಬಿಟ್ಟು ಹೋಗು. ನನ್ನ ಮನೇಲಿ ಕಬ್ಬಿಣದ ಪೆಟ್ಟಿಗೆ ಇದೆ. ಪೂರ್ತಿ ಊರಿಗೆ ಬಂದ್ಮೇಲೆ ಯಾವತ್ತು ಕೇಳಿದ್ರೂ ಕೊಡ್ತೀನಿ."

ಅವಳು ತಟ್ಟನೆ ತಲೆ ಎತ್ತಿದಳು. "ಅಂದ್ರೆ ನಂಗೆ ತಲೆ ಕೆಟ್ಟಿದೆ ಅಂತ."

"ನಾನು ಹಂಗಂದ್ನಾ?"

"ಎಲ್ಲಾ ಹಂಗೇ ನೋಡ್ತಾರೆ. ಅಮ್ಮ ಹಂಗೇ ನೋಡ್ತಾಳೆ. ನೀವಾದ್ರೂ..." ಮಾತು ಮುಗಿಸಲಿಲ್ಲ. ಅವನ ಅಂಗೈ ಕೆಳಗಿನಿಂದ ಹಾಳೆ ಎಳೆದುಕೊಂಡಳು. "ಅಪ್ಪನ ನೆನಪು ಅಂತ ಇರೋದು ಇದೊಂದೇ. ಯಾರ ಪೆಟ್ಟಿಗೇಲೂ ಇಡೋದಿಲ್ಲ."

ಅವಳ ಪಿಕಪ್ ಜಲ್ಲಿಕಲ್ಲು ಚಿಮ್ಮಿಸುತ್ತ ಹೊರಟುಹೋಯಿತು. ಆಲ್ವಿನ್ ಖಾಲಿ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದ. ಬಾಯಿ ಬಿಟ್ಟು ಕೆಟ್ಟೆನಲ್ಲ ಎನ್ನಿಸಿತು. ಮೂವತ್ತಾರು ವರ್ಷ ನುಂಗಿಕೊಂಡಿದ್ದನ್ನು ಇನ್ನೊಂದಿಷ್ಟು ವರ್ಷ ನುಂಗಿಕೊಳ್ಳಬಹುದಿತ್ತು. ಅಮ್ಮ ನುಂಗಿಕೊಂಡಿರಲಿಲ್ಲವೆ?

ಭಾನುವಾರ ಚರ್ಚಿನ ಹೊರಗೆ ಅವಳ ಮನೆಯವರು ಯಾರೂ ಕಾಣಲಿಲ್ಲ. ಸೋಮವಾರ ಬೆಳಿಗ್ಗೆ ಅವನು ಶಾಲೆಯ ಬಸ್ ಶೆಡ್ಡಿನಲ್ಲಿ ಬಸ್ಸಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದಾಗ ಎರಡು ಜೊತೆ ಕಾಲು ಕಂಡವು. ಒಂದು ಜೊತೆ ದೊಡ್ಡ ಬೂಟು, ಒಂದು ಜೊತೆ ಸಣ್ಣ ಚಪ್ಪಲಿ. ದೊಡ್ಡವು ನೊಯೆಮಿಯವು, ಸಣ್ಣವು ಅವಳ ಏಳು ವರ್ಷದ ತಮ್ಮ ಟೀಟೋನವು.

ಆಲ್ವಿನ್ ತೆವಳಿಕೊಂಡು ಹೊರಗೆ ಬಂದ. ಟೀಟೋನ ಕುತ್ತಿಗೆಯ ಎರಡೂ ಪಕ್ಕ ಹಳದಿಗೆ ತಿರುಗುತ್ತಿದ್ದ ಬೆರಳಿನ ಗುರುತುಗಳಿದ್ದವು. ಹೊಸದಲ್ಲ, ನಾಲ್ಕೈದು ದಿನದ್ದು. ಆಲ್ವಿನ್ ನೋಡಿದ್ದನ್ನು ನೊಯೆಮಿ ನೋಡಿದಳು.

"ಬುಧವಾರ," ಎಂದಳು. "ಬೆಳಿಗ್ಗೆ ಹಾಸಿಗೆ ಮೇಲೆ ಹಾರಿ ಬಂದ. ಚಿಕ್ಕೋನಿದ್ದಾಗ್ಲಿಂದ ಹಂಗೇ ಬರ್ತಾನೆ. ಕಣ್ಣು ಬಿಟ್ರೆ ನನ್ನ ಕೈ ಅವನ ಕುತ್ತಿಗೆ ಮೇಲಿತ್ತು. ಅವತ್ತು ದಿಂಬಿನ ಕೆಳಗೆ ಏನೂ ಇರ್ಲಿಲ್ಲ. ಕೈ ಖಾಲಿ ಇತ್ತಲ್ಲ, ಅದಕ್ಕೇ ಹಿಂಗಾಯ್ತು ಅಂತ ಅಪ್ಪನ ರಿವಾಲ್ವರು ಹುಡುಕಿ ತೆಗ್ದೆ, ಗುರುವಾರ." ಅವಳು ಟೀಟೋನ ಅಂಗಿಯ ಕಾಲರನ್ನು ಎತ್ತಿ ಸರಿಮಾಡಿದಳು. "ನಾನು ಹುಡುಕಿದ್ದು ಬುಧವಾರ ಆದ್ಮೇಲೆ ಮಿಸ್ಟರ್ ಆಲ್ವಿನ್. ನಂಗೆ ಎಷ್ಟು ಬುದ್ಧಿ ಇದೆ ನೋಡಿ."

"ನಂಗೇನೂ ಆಗಿಲ್ಲ," ಎಂದ ಟೀಟೋ. "ಸ್ಕೂಲಲ್ಲಿ ಇದಕ್ಕಿಂತ ಜೋರಾಗಿ ಹೊಡೀತಾರೆ."

"ಸುಮ್ನಿರೋ ಕತ್ತೆ," ಎಂದು ಅವಳು ಅವನ ತಲೆಯನ್ನು ತನ್ನ ಸೊಂಟಕ್ಕೆ ಒತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿದ್ದ ಬೂಟಿನ ಡಬ್ಬಿಯನ್ನು ಮುಂದೆ ಚಾಚಿದಳು. ಒಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಭಾರ. "ಎಣ್ಣೆ ಹಾಕ್ತಿರಿ. ಅಪ್ಪ ತಿಂಗಳಿಗೊಂದ್ಸಲ ಹಾಕ್ತಿದ್ದ."

"ಹಾಕ್ತೀನಿ."

"ನಿಮಗೆ ನಿದ್ದೆ ಸರಿ ಹೋಗಿದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. "ಎರಡು ವರ್ಷ ಹಿಡೀತು," ಎಂದ. "ಸ್ಯಾನ್ ಆಂಟೋನಿಯೋದಲ್ಲಿ ಸೈನಿಕರ ಆಸ್ಪತ್ರೆ ಇದೆ. ನಾನು ಹೋಗೋಕೆ ನಾಚ್ಕೊಂಡೆ, ಇಲ್ದಿದ್ರೆ ಬೇಗ ಆಗ್ತಿತ್ತೇನೋ. ನೀನು ನಾಚ್ಕೋಬೇಡ. ನಾನೇ ಕರ್ಕೊಂಡು ಹೋಗ್ತೀನಿ. ಬಸ್ಸೋಡ್ಸೋದು ಬಿಟ್ರೆ ನಂಗೆ ಬೇರೇನು ಬರುತ್ತೆ?"

ಮಾರನೆಯ ದಿನ ಅವಳು ಹೋದಳು. ಆಗಸ್ಟಿನಲ್ಲಿ ಕಾರ್ಡು ಬಂತು. ಅವಳ ತಾಯಿ ಅದನ್ನು ತಂದು ಆಲ್ವಿನ್‌ಗೆ ತೋರಿಸಿ, ಮತ್ತೆ ಮನೆಗೆ ಒಯ್ದು ಅಡುಗೆಮನೆಯ ಮಾತೆ ಮೇರಿಯ ಪಟದ ಹಿಂದೆ ಇಟ್ಟಳು. ಆ ಶರತ್ಕಾಲದಲ್ಲಿ ನೊಯೆಮಿಯ ಲಾರಿಗಳ ಸಾಲಿನ ಮೇಲೆ ಎರಡು ಸಲ ಬಾಂಬು ಬಿತ್ತೆಂದು ಊರಿಗೆ ಸುದ್ದಿ ಬಂತು. ಅವಳಿಗೆ ಏನೂ ಆಗಲಿಲ್ಲ. ಅವಳ ಜೊತೆಯ ಹುಡುಗನೊಬ್ಬ ಹೋದ. ಆಲ್ವಿನ್ ಪ್ರತಿ ತಿಂಗಳು ಮೊದಲ ಭಾನುವಾರ ಪೆಟ್ಟಿಗೆ ತೆಗೆದು ರಿವಾಲ್ವರಿಗೆ ಎಣ್ಣೆ ಹಾಕಿ, ಅದೇ ಟವೆಲಿನಲ್ಲಿ ಸುತ್ತಿಡುತ್ತಿದ್ದ.

ಚಳಿಗಾಲದಲ್ಲಿ ಅವಳು ಇರಾಕ್‌ನಿಂದ ಹಿಂತಿರುಗಿದಳು. ಮೂರು ಗಂಟೆ ದೂರದ ಸೈನ್ಯದ ನೆಲೆಯಲ್ಲಿ ಕೆಲಸ. ರಜೆ ಸಿಕ್ಕಾಗ ಊರು. ಫೆಬ್ರವರಿಯಿಂದ ಎರಡು ವಾರಕ್ಕೊಮ್ಮೆ ಆಲ್ವಿನ್ ತನ್ನ ಹಳೇ ಫೋರ್ಡಿನಲ್ಲಿ ಅವಳನ್ನು ಸ್ಯಾನ್ ಆಂಟೋನಿಯೋಗೆ ಕರೆದುಕೊಂಡು ಹೋಗುತ್ತಿದ್ದ. ಅವಳು ಒಳಗೆ ಹೋದಾಗ ಅವನು ಪಾರ್ಕಿಂಗಿನಲ್ಲಿ ರೇಡಿಯೋ ಕೇಳುತ್ತ ಕೂರುತ್ತಿದ್ದ. ಮೂರನೆಯ ಸಲ ತಾನೂ ಒಳಗೆ ಹೋಗಿ ಹೆಸರು ಬರೆಸಿದ.

"ಅದು ಪೆಟ್ಟಿಗೇಲಿ ಇದ್ಯಾ?" ಎಂದು ಅವಳು ದಾರಿಯಲ್ಲಿ ಒಮ್ಮೆ ಕೇಳಿದಳು.

"ಇದೆ. ಬೇಕಾ?"

ಅವಳು ಕಿಟಕಿಯಾಚೆ ನೋಡಿದಳು. ರಸ್ತೆ ಬದಿಗೆಲ್ಲ ನೀಲಿ ಹೂ ಹರಡಿತ್ತು. "ಇರ್ಲಿ ಬಿಡಿ ಸದ್ಯಕ್ಕೆ."

ಮೇ ಕೊನೆಯ ಒಂದು ನಡು ಮಧ್ಯಾಹ್ನ ಆಲ್ವಿನ್ ಹೆದ್ದಾರಿಯ ಪಕ್ಕದ ಬರೇರಾ ಕುಟುಂಬದ ಹಣ್ಣಿನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. ಬಿಸಿಲಿಗೆ ತಗಡಿನ ಚಪ್ಪರ ಟಿಕ್ ಟಿಕ್ ಎನ್ನುತ್ತಿತ್ತು. ಬುಟ್ಟಿಗಳ ಹಿಂದೆ ಟೀಟೋ ಒಬ್ಬನೇ ನಿಂತಿದ್ದ.

"ಪೀಚ್ ಹಣ್ಣು ಕೊಡಪ್ಪ ಯಜಮಾನ, ಅರ್ಧ ಬುಟ್ಟಿ," ಎಂದ ಆಲ್ವಿನ್.

ಹುಡುಗ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು, ಗದ್ದದಿಂದ ಹಿಂದಕ್ಕೆ ತೋರಿಸಿದ. ಖಾಲಿ ಪೆಟ್ಟಿಗೆಗಳ ಸಂದಿಯಲ್ಲಿ ಹಾಸಿದ ಗೋಣಿಯ ಮೇಲೆ ನೊಯೆಮಿ ಮಲಗಿದ್ದಳು. ಒಂದು ಕೈ ತಲೆಯ ಕೆಳಗೆ, ಇನ್ನೊಂದು ಕೈ ಬೆರಳು ಬಿಚ್ಚಿಕೊಂಡು ಮಣ್ಣಿನ ಮೇಲೆ. ಬಾಯಿ ಅರ್ಧ ತೆರೆದಿತ್ತು. ದೊಡ್ಡ ಲಾರಿಯೊಂದು ಅಬ್ಬರಿಸುತ್ತ ಹಾದುಹೋಗಿ ಇಡೀ ಚಪ್ಪರ ನಡುಗಿತು. ಅವಳು ಕದಲಲಿಲ್ಲ.

ಟೀಟೋ ಲಾರಿ ಹೋದ ದಿಕ್ಕಿಗೆ ಕಣ್ಣು ಕೆಕ್ಕರಿಸಿ ನೋಡಿದ. ಆಮೇಲೆ ಒಂದೊಂದೇ ಹಣ್ಣನ್ನು ಎರಡೂ ಕೈಯಲ್ಲಿ ಎತ್ತಿ, ಕಾಗದದ ಚೀಲ ಸರಭರ ಎನ್ನದಂತೆ, ಒಂದರ ಮೇಲೊಂದು ಇಡತೊಡಗಿದ.