ಆಚೆ ದಡದ ಬೀಜ

ಮೊದಲ ಮಳೆ ಬಿದ್ದು ಊರಿನವರೆಲ್ಲ ಬಿತ್ತನೆಗೆ ಇಳಿದಿದ್ದರು. ಹಿರಿಸೊಸೆಯ ಗದ್ದೆ ಮಾತ್ರ ಕೆಸರು ಮಟ್ಟಸ ಮಾಡಿಸಿಕೊಂಡು ಬರಿದೇ ಬಿದ್ದಿತ್ತು. ಮನೆಯಲ್ಲಿ ಬೀಜವಿಲ್ಲವೆಂದಲ್ಲ. ಕಡ ತಂದ ಬೀಜವನ್ನು, ತುಂಬಿದ ಸೇರಿನ ಮೇಲೆ ರಾಶಿ ನಿಲ್ಲುವ ಹಾಗೆ ಹಿಂದಕ್ಕೆ ಕೊಡದೆ ಅದರ ಬೆಳೆಯನ್ನು ಮತ್ತೆ ಬಿತ್ತಬಾರದೆಂದು ಅತ್ತೆ ಕಲಿಸಿ ಹೋಗಿದ್ದಳು. ಈ ಬೀಜವೋ, ಕಡಲಿನಾಚೆಯ ದೇಶದ್ದು.

ಕಡಲು ಏರಿ ಗದ್ದೆಗಳಿಗೆ ಉಪ್ಪುನೀರು ನುಗ್ಗತೊಡಗಿದ ಮೇಲೆ ಊರಿನ ಹಳೆಯ ಭತ್ತ ಕೈಕೊಟ್ಟಿತ್ತು. ಆಗ ಅಕ್ಕಪಕ್ಕದ ದೇಶಗಳು ಕೂಡಿ, ಒಬ್ಬರಲ್ಲಿ ತಾಳಿಕೊಂಡ ಬೀಜವನ್ನು ಇನ್ನೊಬ್ಬರಿಗೆ ಕೊಡುವುದೆಂದು ಒಪ್ಪಂದ ಮಾಡಿಕೊಂಡವು. ಉಪ್ಪಿಗೆ ಜಗ್ಗದ ಈ ಭತ್ತ ಹೋದ ವರ್ಷ ಬಂದದ್ದು ಹಾಗೆ; ಹಿರಿಸೊಸೆಯ ಮನೆಯಲ್ಲಿದ್ದದ್ದು ಅದರ ಮೊದಲ ಬೆಳೆ.

"ಸರ್ಕಾರ ಕೊಟ್ಟಿದ್ದು ಕಡ ಹೇಗಾಗುತ್ತೆ? ಹೀಗೇ ಕೂತಿರು, ಗದ್ದೇಲಿ ಏಡಿಗಳು ಸಂಸಾರ ಹೂಡ್ತವೆ," ಎಂದು ಗಂಡ ಕುಟುಕುತ್ತಿದ್ದ.

"ಸರ್ಕಾರ ಕೆಸರಿಗೆ ಇಳಿದು ಬೆಳೀತಾ? ಯಾರೋ ಒಬ್ಬಳು ಬೆಳೆದಿರ್ತಾಳೆ."

ಇನ್ನೊಂದು ಮಳೆ ಜೋರಾದರೆ ಹದ ತಪ್ಪುವುದು ಅವಳಿಗೂ ಗೊತ್ತಿತ್ತು. ಆದರೂ, ಬೀಜ ಬೆಳೆದವರೇ ಊರು ನೋಡಲು ಬರುತ್ತಾರೆಂದು ಕೃಷಿ ಅಧಿಕಾರಿ ಹೇಳಿದ್ದರಿಂದ ಕಾದಳು.

ಬಂದವರಲ್ಲಿ ಬೀಜದ ಒಡತಿ ಒಬ್ಬ ಗಿಡ್ಡ ಹೆಂಗಸು. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಚಿಟಿಕೆ ಕೆಸರನ್ನು ನಾಲಗೆಗೆ ಹಚ್ಚಿ ಉಪ್ಪು ನೋಡಿದಳು. ಹಿರಿಸೊಸೆಯೂ ಹಾಗೇ ಮಾಡಿದಳು. ಇಷ್ಟು ವರ್ಷ ತನಗೇ ಇದು ಹೊಳೆದಿರಲಿಲ್ಲ. ಒಬ್ಬರ ಭಾಷೆ ಒಬ್ಬರಿಗೆ ಬಾರದ್ದರಿಂದ, ಎರಡೂ ಬಲ್ಲ ಅಧಿಕಾರಿಯ ಬಾಯಿಂದ ಇಬ್ಬರೂ ಒಂದೇ ಸಮನೆ ಕೇಳಿಕೊಂಡರು. ಇಲ್ಲಿ ಮೊಳಕೆ ಕಟ್ಟಿ ಬಿತ್ತುತ್ತಾರೆಂದು ಅವಳಿಗೆ ಸೋಜಿಗ, ಅಲ್ಲಿ ಒಣಬೀಜವನ್ನೇ ಎರಚುತ್ತಾರೆಂದು ಇವಳಿಗೆ. ಅಧಿಕಾರಿಗೆ ಉಸಿರು ತಿರುಗಿಸಿಕೊಳ್ಳಲು ಪುರಸೊತ್ತಿರಲಿಲ್ಲ.

ಹಿರಿಸೊಸೆ ಒಳಗಿಂದ ರಾಶಿ ತುಂಬಿದ ಸೇರನ್ನು ಎರಡೂ ಕೈಯಲ್ಲಿ ಹಿಡಿದು ತಂದಾಗ ಅಧಿಕಾರಿಯ ಮುಖ ಸಪ್ಪಗಾಯಿತು. ಗಡಿಯಲ್ಲಿ ಒಂದು ಕಾಳನ್ನೂ ಬಿಡುವುದಿಲ್ಲವೆಂದ.

"ಒಪ್ಪಂದದಲ್ಲಿ ಕೊಡೋ ದಾರಿ ಬರೆದಿದ್ದಾರಮ್ಮ. ಹಿಂದಕ್ಕೆ ಕೊಡೋ ದಾರೀನ ಇನ್ನೂ ಬರೆದಿಲ್ಲ."

"ಅದನ್ನ ಅವಳಿಗೆ ಹೇಳಿ. ನಾನು ಯಾಕೆ ಬಿತ್ತಿಲ್ಲ ಅಂತಾನೂ ಹೇಳಿ."

ಗಿಡ್ಡ ಹೆಂಗಸು ತಲೆಯಾಡಿಸುತ್ತ ಕೇಳಿಸಿಕೊಂಡಳು. ಆಮೇಲೆ ಬಟ್ಟೆ ಎತ್ತಿ ಕಟ್ಟಿ, ಸೇರನ್ನು ಸೊಂಟಕ್ಕೆ ಆನಿಸಿಕೊಂಡು ಗದ್ದೆಗೆ ಇಳಿದಳು. ಹೋಗುವ ದಿಕ್ಕಿಗೆ ಬೆನ್ನು ತಿರುಗಿಸಿ, ಬಿದ್ದ ಕಾಳನ್ನು ತುಳಿಯದಂತೆ ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಬದುವಿನುದ್ದಕ್ಕೂ ಎರಚಿದಳು.

"ಈ ಅಂಚು ಇನ್ನು ತನ್ನದಂತೆ," ಎಂದು ಅವಳ ಮಾತನ್ನು ತಿರುಗಿಸಿ ಹೇಳಿದ ಅಧಿಕಾರಿ. "ಕಾಯೋರು ನೀವಂತೆ. ಅಲ್ಲಿ ಯಾವತ್ತಾದ್ರೂ ಕಡಲು ಬೀಜ ನುಂಗಿದ್ರೆ ಕೇಳಿಕೊಂಡು ಬರ್ತಾಳಂತೆ."

ಬಂದವರ ಬಸ್ಸು ಹೋದ ಮೇಲೆ ಹಿರಿಸೊಸೆ ಬರಿದಾದ ಸೇರಿಗೆ ತನ್ನ ಬೀಜವನ್ನು ಒಣದಾಗಿಯೇ ಸುರಿದು, ಕಡ ತೀರಿದ್ದರಿಂದ ರಾಶಿ ನಿಲ್ಲದಂತೆ ಅಂಗೈಯಿಂದ ಸವರಿದಳು. ಗದ್ದೆಗೆ ಇಳಿದು, ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡಿ, ಕಾಲನ್ನು ಹಿಂದಕ್ಕಿಟ್ಟಳು. ಅಂಚಿನಲ್ಲಿ ಆ ಹೆಂಗಸಿನ ಹೆಜ್ಜೆಗಳಲ್ಲಿ ಆಗಲೇ ನೀರು ಊರುತ್ತಿತ್ತು.